ಕೆಳಗೆ ಸೋರಿದ ಮಾತ್ರಕ್ಕೆ ಬುಟ್ಟಿ ನೆನೆದಿದೆ ಅಂತಲ್ಲ

ಜನವರಿಯಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ಮುಗಿದು ಎರಡು ವಾರ ಆಗುತ್ತಿದ್ದಂತೆ ಫೋನುಗಳು ಶುರುವಾಗುತ್ತವೆ. "ತೂಗುಬುಟ್ಟಿಯ ಪೆಟೂನಿಯಾ ಹೂಗಿಡ ಬಾಡ್ತಾ ಇದೆ ಸಾರ್. ದಿನಾ ನೀರು ಹಾಕ್ತೀನಿ, ಕೆಳಗೆ ಸೋರೋವರೆಗೂ ಹಾಕ್ತೀನಿ." ಬಿಸಿಲು, ಗೊಬ್ಬರದ ವಿಷಯ ಇವರಿಗೆಲ್ಲ ಚೆನ್ನಾಗಿಯೇ ಗೊತ್ತು. ಆ ಸೋರುವ ನೀರನ್ನು ಮಾತ್ರ ನಂಬಬೇಡಿ ಅಂತ ಪ್ರತಿ ವರ್ಷ ಹೇಳುತ್ತೇನೆ. ಮುಂದಿನ ವರ್ಷ ಅದೇ ಫೋನು ಬರುತ್ತದೆ.

ತೂಗುಬುಟ್ಟಿಗಳಲ್ಲಿ ಈಗ ಮಣ್ಣಿಗಿಂತ ಕೋಕೋಪೀಟೇ, ಅಂದರೆ ತೆಂಗಿನ ನಾರಿನ ಪುಡಿಯೇ ಜಾಸ್ತಿ. ಹಗುರ ಅಲ್ವಾ, ಕೊಕ್ಕೆಗೆ ಭಾರವಾಗಬಾರದು. ಹಸಿಯಾಗಿರುವಾಗ ಅದು ಸ್ಪಂಜಿನ ಹಾಗೆ ನೀರು ಹಿಡಿಯುತ್ತದೆ. ಒಂದು ಸಲ ಪೂರ್ತಿ ಒಣಗಿದರೆ ಕುಗ್ಗಿ ಬುಟ್ಟಿಯ ಅಂಚು ಬಿಟ್ಟುಕೊಳ್ಳುತ್ತದೆ. ಸುತ್ತಲೂ ಸಂದು. ನೀವು ಹಾಕಿದ ಚೊಂಬು ನೀರು ಆ ಸಂದಿಯಲ್ಲೇ ಜಾರಿ ಬಾಲ್ಕನಿಗೆ ಬೀಳುತ್ತದೆ. ಬೇರಿನ ಉಂಡೆಯ ಒಳಗೆ ಅದು ಇಳಿಯುವುದೇ ಇಲ್ಲ. ನೆಲದ ಕುಂಡಕ್ಕೆ ಇಷ್ಟು ಬೇಗ ಹೀಗಾಗುವುದಿಲ್ಲ. ತೂಗುವ ಬುಟ್ಟಿಗೆ ಎಲ್ಲಾ ಕಡೆಯಿಂದ ಗಾಳಿ.

ಬಸವನಗುಡಿಯಲ್ಲಿ ಮೂರನೇ ಮಹಡಿಯ ಒಬ್ಬರು ನಿವೃತ್ತ ಟೀಚರ್, "ನೋಡಪ್ಪ, ನೀನೇ ನೋಡು" ಅಂತ ನನ್ನೆದುರೇ ನೀರು ಹಾಕಿದರು. ಎಣಿಸುವಷ್ಟರಲ್ಲಿ ತಟ್ಟೆ ತುಂಬಿತು. ನಾನು ಗಿಡವನ್ನು ಬುಡ ಸಮೇತ ಮೆಲ್ಲಗೆ ಎತ್ತಿ ತೋರಿಸಿದೆ. ಮೇಲೆ ಅರ್ಧ ಇಂಚು ಕಪ್ಪಗೆ ಒದ್ದೆ. ಒಳಗೆಲ್ಲ ನಶ್ಯದ ಹಾಗೆ ಪುಡಿಪುಡಿ. ಅವರು ಮಾತೇ ಆಡಲಿಲ್ಲ, ಗಿಡದ ಮೇಲೆ ಕೈಯಿಟ್ಟು ನಿಂತರು. ಅಷ್ಟು ಪ್ರೀತಿಯಿಂದ ಸಾಕಿದವರಿಗೆ ಬೈಯಲು ಮನಸ್ಸು ಬರುವುದಿಲ್ಲ.

ಬಕೆಟ್ಟಿಗೆ ನೀರು ತುಂಬಿ ಬುಟ್ಟಿಯನ್ನು ಅರ್ಧಕ್ಕಿಂತ ಮೇಲೆ ಮುಳುಗುವಂತೆ ಇಟ್ಟೆವು. ಗುಳ್ಳೆ ಏಳುತ್ತಲೇ ಇತ್ತು, ಅರ್ಧ ಗಂಟೆ ಹಿಡಿಯಿತು. ಗುಳ್ಳೆ ನಿಂತ ಮೇಲೆ ತೆಗೆದು ನೀರು ಬಸಿಯಲು ಬಿಟ್ಟೆವು. ಆಮೇಲೆ ಅವರ ಕೈಗೇ ಕೊಟ್ಟೆ. "ಅಯ್ಯೋ, ಇಷ್ಟು ಭಾರ!" ಅಂದರು. ನಾನು ಹೇಳುವುದು ಆ ಭಾರದ ವಿಷಯವೇ. ದಿನಾ ಬೆಳಿಗ್ಗೆ ಅಂಗೈಯನ್ನು ಬುಟ್ಟಿಯ ತಳಕ್ಕೆ ಕೊಟ್ಟು ಸ್ವಲ್ಪ ಎತ್ತಿ ನೋಡಿ. ಹಗುರ ಇದ್ದರೆ ನೀರು ಹಾಕಿ, ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಹಾಕಿ. ಭಾರ ಇದ್ದರೆ ಸುಮ್ನೆ ಬಿಡಿ. ನಾಲ್ಕೇ ದಿನದಲ್ಲಿ ಕೈಗೆ ಅಂದಾಜು ಸಿಗುತ್ತದೆ.

ಬಾಡಿದ ಗಿಡಕ್ಕೆಲ್ಲ ಇದೇ ಕಾರಣ ಅಂತ ನಾನು ಹೇಳಲಾರೆ. ನೀರು ಜಾಸ್ತಿಯಾಗಿ ಬೇರು ಕೊಳೆತರೂ ಎಲೆ ಹೀಗೇ ಜೋತು ಬೀಳುತ್ತದೆ. ದೂರದಿಂದ ನೋಡಿದರೆ ಎರಡೂ ಒಂದೇ. ಫೋಟೋ ಕಳಿಸಿ ಕೇಳಿದರೆ ನನಗೂ ಗೊತ್ತಾಗದು. ಬುಟ್ಟಿ ಭಾರವಿದ್ದೂ ಗಿಡ ಬಾಡಿದ್ದರೆ, ತಳದ ತೂತು ಕಟ್ಟಿದೆಯಾ ಅಂತ ಮೊದಲು ನೋಡಿ. ಬೇರು ಕಂದಾಗಿ ಮೆತ್ತಗಾಗಿದ್ದರೆ ಉಳಿಯುವುದು ಕಷ್ಟ.

ಟೀಚರ ಗಿಡ ಸಂಜೆಗೇ ತಲೆ ಎತ್ತಿತು. ಉದ್ದ ಬೆಳೆದ ಬಳ್ಳಿಗಳನ್ನು ಮೂರರಲ್ಲಿ ಒಂದು ಭಾಗ ಕತ್ತರಿಸಿ ಬಂದೆ. ಮೂರು ವಾರಕ್ಕೆ ಮತ್ತೆ ಹೂವು ಬಂತು. ಏಪ್ರಿಲ್ ಬಿಸಿಲಿಗೆ ಅದು ಹೇಗೂ ಸೊರಗುತ್ತದೆ, ಅದರ ಕಾಲ ಅಷ್ಟೇ. ಆಗ ಅದೇ ಬುಟ್ಟಿಗೆ ನಾಲ್ಕು ಟೇಬಲ್ ರೋಸ್ ಕಡ್ಡಿ ಚುಚ್ಚಿ ಅಂತ ಹೇಳಿದ್ದೇನೆ. ಪಕ್ಕದ ಮನೆಯ ಕಾಂಪೌಂಡಿನ ಮೇಲೇ ಬೇಕಾದಷ್ಟಿದೆ.