ಟೋಯಿಂಗ್ ಗಾಡಿಗೆ ಕಂಪನಿ ಏರ್ ಫಿಲ್ಟರೇ ಬೇಕಾ, ಹೊರಗಿನದು ನಡೆಯುತ್ತಾ?

ಓದುಗರ ಪ್ರಶ್ನೆ: "ಸಾರ್, ನಮ್ಮ ಹತ್ತಿರ ಎರಡು ಫ್ಲಾಟ್‌ಬೆಡ್ ಟೋಯಿಂಗ್ ಗಾಡಿ ಇವೆ. ಒಂದು ಹಳೇ ಬಿಎಸ್ 4. ಇನ್ನೊಂದು ಬಿಎಸ್ 6, ಇನ್ನೂ ವಾರಂಟಿಯಲ್ಲಿದೆ. ಓಡಾಟವೆಲ್ಲ ಹೊಸಪೇಟೆ, ಸಂಡೂರು, ಕೂಡ್ಲಿಗಿ ಕಡೆ. ಶೋರೂಮಿನ ಏರ್ ಫಿಲ್ಟರ್ ದುಬಾರಿ. ಅಂಗಡಿಯವರು ಅದೇ ಫಿಲ್ಟರ್ ಅರ್ಧ ರೇಟಿಗೆ ಕೊಡ್ತೀವಿ ಅಂತಾರೆ. ಕಂಪನಿದೇ ಹಾಕಿಸಬೇಕಾ?"

ಮೊದಲು ಉತ್ತರ ಹೇಳಿಬಿಡುತ್ತೇನೆ. ವಾರಂಟಿಯಲ್ಲಿರುವ ಬಿಎಸ್ 6 ಗಾಡಿಗೆ (ಬಿಎಸ್ ಅಂದರೆ ಹೊಗೆ ಮಿತಿಯ ಸರ್ಕಾರಿ ನಿಯಮ, 4 ಹಳೆಯದು, 6 ಹೊಸದು) ಕಂಪನಿ ಫಿಲ್ಟರೇ ಹಾಕಿಸಿ, ಬಿಲ್ ಎತ್ತಿಡಿ. ಹಳೇ ಗಾಡಿಗೆ ಹೊರಗಿನದು ಧಾರಾಳವಾಗಿ ನಡೆಯುತ್ತದೆ. ಆದರೆ ಆ "ಅರ್ಧ ರೇಟಿನ ಅದೇ ಫಿಲ್ಟರ್" ಬೇಡ. ಇನ್ನೊಂದು ಮಾತು: ನಿಮ್ಮ ಕಡೆಯ ಧೂಳಿನಲ್ಲಿ ಫಿಲ್ಟರ್ ಯಾರದ್ದು ಅನ್ನುವುದಕ್ಕಿಂತ ಅದು ಡಬ್ಬಿಯೊಳಗೆ ಹೇಗೆ ಕೂತಿದೆ, ಅದನ್ನು ಎಷ್ಟು ಸಲ ಬಿಚ್ಚುತ್ತೀರಿ ಅನ್ನುವುದೇ ಎಂಜಿನ್ನಿನ ಆಯಸ್ಸನ್ನು ಜಾಸ್ತಿ ತಿನ್ನುತ್ತದೆ.

"ಕಂಪನಿ ಫಿಲ್ಟರ್" ಅನ್ನುತ್ತೇವಲ್ಲ, ಗಾಡಿ ಕಂಪನಿ ಅದನ್ನು ತಾನೇ ಮಾಡುವುದಿಲ್ಲ. ಫಿಲ್ಟರ್ ಮಾಡುವವರೇ ಬೇರೆ. ಮಾನ್ ಹಮ್ಮೆಲ್, ಮಾಲೆ, ಡೊನಾಲ್ಡ್‌ಸನ್, ಫ್ಲೀಟ್‌ಗಾರ್ಡ್ ಈ ತರಹದವರು. ಗಾಡಿ ಕಂಪನಿ ಇಂಥವರಿಂದ ತನ್ನ ಅಳತೆಗೆ ಮಾಡಿಸಿಕೊಂಡು, ತನ್ನ ಡಬ್ಬಿಯಲ್ಲಿ ಹಾಕಿ, ತನ್ನ ಪಾರ್ಟ್ ನಂಬರ್ ಒತ್ತಿ ಮಾರುತ್ತದೆ. ಫಿಲ್ಟರ್ ಮಾಡಿದವರು ತಮ್ಮದೇ ಡಬ್ಬಿಯಲ್ಲೂ ಅಂಗಡಿಗೆ ಬಿಡುತ್ತಾರೆ. ಹಾಗಾಗಿ ಅಂಗಡಿಯಲ್ಲಿ ನಿಮ್ಮ ಮುಂದೆ ಮೂರು ಬಗೆಯ ಮಾಲು ಇರುತ್ತದೆ: ಗಾಡಿ ಕಂಪನಿಯ ಡಬ್ಬಿ, ಫಿಲ್ಟರ್ ಕಂಪನಿಯ ಡಬ್ಬಿ, ಊರು ಹೆಸರು ಗೊತ್ತಿಲ್ಲದ ಡಬ್ಬಿ. ಮೊದಲನೆಯದಕ್ಕೂ ಎರಡನೆಯದಕ್ಕೂ ಮುಖ್ಯವಾಗಿ ರೇಟಿನ ವ್ಯತ್ಯಾಸ. ಎರಡನೆಯದಕ್ಕೂ ಮೂರನೆಯದಕ್ಕೂ ಇರುವುದು ಎಂಜಿನ್ನಿನ ವ್ಯತ್ಯಾಸ. ಮೂರನೆಯದಕ್ಕಿಂತ ಕೆಟ್ಟದ್ದೂ ಒಂದಿದೆ, ಮೊದಲನೆಯದರ ಡಬ್ಬಿಯಲ್ಲಿ ತುಂಬಿದ ಮೂರನೆಯ ಮಾಲು. ಅದನ್ನೇ ಡೂಪ್ಲಿಕೇಟ್ ಅನ್ನುವುದು.

ಫಿಲ್ಟರ್ ಮಾಡುವ ಕೆಲಸ ಎಷ್ಟು ದೊಡ್ಡದು ಅಂತ ಒಂದು ಲೆಕ್ಕ ಹಾಕೋಣ. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಕಡಿಮೆಯೆಂದರೂ ಸುಮಾರು 10,000 ಲೀಟರ್ ಗಾಳಿ ಬೇಕು. ಡೀಸೆಲ್ ಎಂಜಿನ್ ಅದಕ್ಕಿಂತ ಜಾಸ್ತಿಯೇ ಎಳೆಯುತ್ತದೆ. 15,000 ಅಂತಲೇ ಇಟ್ಟುಕೊಳ್ಳಿ. ಅಂದರೆ 5,000 ಲೀಟರಿನ ನೀರಿನ ಟ್ಯಾಂಕರ್ ಮೂರು ತುಂಬುವಷ್ಟು ಗಾಳಿ, ಒಂದೇ ಒಂದು ಲೀಟರ್ ಡೀಸೆಲ್‌ಗೆ. ದಿನಕ್ಕೆ 30 ಲೀಟರ್ ಸುಟ್ಟರೆ ನಾಲ್ಕೂವರೆ ಲಕ್ಷ ಲೀಟರ್ ಗಾಳಿ. ಅಷ್ಟೂ ಸಂಡೂರಿನ ಅದಿರು ರಸ್ತೆಯ ಕೆಂಪು ಗಾಳಿ.

ಈಗ ಡಬ್ಬಿಯ ಮೇಲೆ ಬರೆದ ಶೇಕಡಾ ಲೆಕ್ಕಕ್ಕೆ ಬನ್ನಿ. ಒಂದು ಫಿಲ್ಟರ್ 99.9% ಧೂಳು ಹಿಡಿಯುತ್ತದೆ, ಇನ್ನೊಂದು 99% ಹಿಡಿಯುತ್ತದೆ ಅಂದುಕೊಳ್ಳಿ. ಕೇಳುವುದಕ್ಕೆ ಎರಡೂ ಒಂದೇ ತರಹ ಅಲ್ವಾ? ಹಿಡಿದದ್ದನ್ನು ಬಿಡಿ, ಬಿಟ್ಟದ್ದನ್ನು ನೋಡಿ. 100 ಗ್ರಾಂ ಧೂಳು ಬಂದರೆ ಮೊದಲನೆಯದು ಒಳಗೆ ಬಿಡುವುದು ಗ್ರಾಮಿನ ಹತ್ತನೇ ಒಂದು ಪಾಲು. ಎರಡನೆಯದು ಪೂರ್ತಿ ಒಂದು ಗ್ರಾಂ. ಹತ್ತು ಪಟ್ಟು. ಅದೂ ಕಣ್ಣಿಗೆ ಕಾಣದ ಧೂಳು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಪಿಸ್ಟನ್ನಿನ ರಿಂಗು, ಪಿಸ್ಟನ್ ಓಡಾಡುವ ಕೊಳವೆಯಾದ ಲೈನರ್ ಸವೆಸುವ ಧೂಳು 5ರಿಂದ 20 ಮೈಕ್ರಾನಿನದ್ದು. ಮರಳಿನ ಕಣ ಲೈನರಿನ ಬೀಡು ಕಬ್ಬಿಣಕ್ಕಿಂತ ಗಟ್ಟಿ. ಆಯಿಲ್ ಪದರದೊಳಗೆ ಸೇರಿತು ಅಂದರೆ ಸಾಣೆ ಹಿಡಿಯುವ ಪುಡಿಯೇ ಆಯಿತು. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇದ್ದರೆ ಮೊದಲ ಏಟು ಅದರ ಬ್ಲೇಡಿಗೆ.

ನನ್ನದೇ ಒಂದು ಕಥೆ ಹೇಳಬೇಕು. ಕೆಲವು ವರ್ಷದ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಒಂದು ಟೋಯಿಂಗ್ ಗಾಡಿಗೆ, ಮುನ್ನೂರು ರೂಪಾಯಿ ಉಳಿಯುತ್ತದೆ ಅಂತ ಹೆಸರಿಲ್ಲದ ಫಿಲ್ಟರ್ ಹಾಕಿದೆ. ನೋಡುವುದಕ್ಕೆ ಚೆನ್ನಾಗಿಯೇ ಇತ್ತು. ಕಾಗದ ಹಳದಿ, ಜಾಲರಿ ಹೊಳೆಯುತ್ತಿತ್ತು. ಎರಡು ತಿಂಗಳ ಮೇಲೆ ಬೇರೇನೋ ಕೆಲಸಕ್ಕೆ ಫಿಲ್ಟರಿನಿಂದ ಟರ್ಬೊಗೆ ಹೋಗುವ ಹೋಸ್ ಬಿಚ್ಚಿದೆ. ಒಳಗೆ ಬೆರಳಾಡಿಸಿದೆ. ಬೆರಳ ತುದಿ ಕುಂಕುಮ ಮುಟ್ಟಿದ ಹಾಗೆ ಕೆಂಪಗಾಯಿತು. ಫಿಲ್ಟರ್ ಹೊರಗೆ ತೆಗೆದರೆ ಕಾಗದ ಎಲ್ಲೂ ಹರಿದಿಲ್ಲ. ತಪ್ಪು ಇದ್ದದ್ದು ರಬ್ಬರ್ ಸೀಲಿನಲ್ಲಿ. ಸೀಲಿನ ಸುತ್ತ ಮುಕ್ಕಾಲು ಪಾಲು ಒತ್ತಿದ ಗೆರೆ ಸ್ಪಷ್ಟವಾಗಿತ್ತು. ಒಂದು ಕಡೆ ಬೆರಳಗಲ ಗೆರೆಯೇ ಇಲ್ಲ, ಬದಲಿಗೆ ಧೂಳು ಹರಿದು ಹೋದ ಕೆಂಪು ದಾರಿ. ಹಳೇ ಫಿಲ್ಟರಿನ ಪಕ್ಕ ಇಟ್ಟು ನೋಡಿದರೆ ಹೊಸದರ ಎತ್ತರವೇ ಒಂದೆರಡು ಮಿಲಿಮೀಟರ್ ಕಡಿಮೆ. ಆ ಸಂದಿಯಲ್ಲಿ ಎಂಜಿನ್ ಎರಡು ತಿಂಗಳು ಮಣ್ಣು ತಿಂದಿತ್ತು. ಮುನ್ನೂರು ರೂಪಾಯಿ ಉಳಿಸಿದ್ದಕ್ಕೆ ಮುಂದೆ ಆಯಿಲ್ ತಿನ್ನಲು ಶುರುಮಾಡಿತು, ಕೊನೆಗೆ ರಿಂಗ್ ಕೆಲಸ.

ಅದಕ್ಕೇ ಹೇಳುವುದು, ಹೊಸ ಫಿಲ್ಟರ್ ತಂದಾಗ ಹಳೆಯದನ್ನು ಎಸೆಯಬೇಡಿ. ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ. ಎತ್ತರ, ಬಾಯಿಯ ಅಗಲ, ಮಡಿಕೆಗಳ ಲೆಕ್ಕ ನೋಡಿ. ಮಡಿಕೆ ತುಂಬ ಕಡಿಮೆ ಇದ್ದರೆ ಕಾಗದ ಕಡಿಮೆ, ಬೇಗ ಕಟ್ಟುತ್ತದೆ. ಹಳೇ ಗಾಡಿಗಳಲ್ಲಿ ವಿಂಗ್ ನಟ್ ಹಾಕಿ ಬಿಗಿಯುವ ಫಿಲ್ಟರ್ ಇದ್ದರೆ ನಟ್ಟಿನ ಕೆಳಗಿನ ರಬ್ಬರ್ ವಾಷರ್ ಇದೆಯಾ ನೋಡಿ. ಹತ್ತರಲ್ಲಿ ನಾಲ್ಕು ಗಾಡಿಯಲ್ಲಿ ಅದು ಎಲ್ಲೋ ಬಿದ್ದು ಹೋಗಿರುತ್ತದೆ ಅಂತ ನನ್ನ ಅಂದಾಜು. ಆ ತೂತಿನಿಂದ ಧೂಳು ನೇರ ಒಳಗೆ.

ಇನ್ನು ಟೋಯಿಂಗ್ ಗಾಡಿಯ ಪಾಡೇ ಬೇರೆ. ಲಾರಿ ಓಡುತ್ತಾ ಧೂಳು ಹಿಂದೆ ಬಿಟ್ಟು ಹೋಗುತ್ತದೆ. ನಿಮ್ಮ ಗಾಡಿ ರಸ್ತೆ ಪಕ್ಕದ ಮಣ್ಣಿನಲ್ಲಿ ನಿಂತು ಆ ಧೂಳನ್ನೆಲ್ಲ ಕುಡಿಯುತ್ತದೆ. ಪಿಟಿಒ (ಎಂಜಿನ್ನಿನ ಶಕ್ತಿಯನ್ನು ವಿಂಚಿಗೆ ತಿರುಗಿಸುವ ಗೇರು) ಹಾಕಿ, ರೇಸ್ ಸ್ವಲ್ಪ ಏರಿಸಿ, ವಿಂಚ್ ಎಳೆಯುತ್ತಾ ಅರ್ಧ ಗಂಟೆ, ಮುಕ್ಕಾಲು ಗಂಟೆ. ಪಕ್ಕದಲ್ಲಿ 50ನೇ ನಂಬರ್ ಹೈವೇಯ ಅದಿರು ಲಾರಿಗಳು ಒಂದರ ಹಿಂದೆ ಒಂದು. ಮೀಟರಿನಲ್ಲಿ ಒಂದು ಕಿಲೋಮೀಟರೂ ಏರಿರುವುದಿಲ್ಲ. ಅದರ ಜೊತೆಗೆ ವಾಪಸ್ ಬರುವಾಗ ಬೆನ್ನ ಮೇಲೆ ಇನ್ನೊಂದು ಗಾಡಿ, ಸಣ್ಣ ಗೇರು, ಟರ್ಬೊ ಪೂರ್ತಿ ಎಳೆತ. ಹಾಗಾಗಿ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಲೆಕ್ಕ ನಿಮಗೆ ಸರಿಹೊಂದುವುದಿಲ್ಲ. ಎಂಜಿನ್ ಓಡಿದ ಗಂಟೆ ಬರೆದಿಡುವ ಅಭ್ಯಾಸ ಇದ್ದರೆ ಒಳ್ಳೆಯದು.

ಹಾಗಂತ ವಾರಕ್ಕೊಮ್ಮೆ ಬಿಚ್ಚಿ ಹವಾ ಹೊಡೆಯಬೇಕಾ? ಬೇಡವೇ ಬೇಡ. ನಮ್ಮವರು ಜಾಸ್ತಿ ತಪ್ಪು ಮಾಡುವುದು ಇಲ್ಲೇ. ಮನೆಯ ಕಾಫಿ ಫಿಲ್ಟರ್ ನೆನಪಿಸಿಕೊಳ್ಳಿ. ಮೊದಲ ತೊಟ್ಟುಗಳಲ್ಲಿ ಸಣ್ಣ ಪುಡಿ ಇಳಿಯುತ್ತದೆ. ಪುಡಿ ಕೂತ ಮೇಲೆ ಪುಡಿಯೇ ಪುಡಿಯನ್ನು ತಡೆದು ತಿಳಿ ಡಿಕಾಕ್ಷನ್ ಬರುತ್ತದೆ. ಏರ್ ಫಿಲ್ಟರೂ ಹಾಗೆಯೇ. ಕಾಗದದ ಮೇಲೆ ತೆಳ್ಳಗೆ ಧೂಳಿನ ಪದರ ಕೂತ ಮೇಲೆ ಅದು ಇನ್ನೂ ಚೆನ್ನಾಗಿ ಸೋಸುತ್ತದೆ. ಹೊಚ್ಚ ಹೊಸ ಫಿಲ್ಟರೇ ಜಾಸ್ತಿ ಧೂಳು ಬಿಡುವುದು. ನೀವು ಒಂದೊಂದು ಸಲ ಹವಾ ಹೊಡೆದಾಗಲೂ ಆ ಪದರ ಹಾರಿಸಿ, ಮತ್ತೆ ಮೊದಲಿಂದ ಶುರುಮಾಡಿಸುತ್ತೀರಿ. ಪಂಕ್ಚರ್ ಅಂಗಡಿಯ ಹವಾ ಗನ್ 100 ಪಿಎಸ್‌ಐ ಮೇಲೆ ಹೊಡೆಯುತ್ತದೆ. ಕಾಗದ ತಡೆಯುವುದು 30ರ ಒಳಗೆ. ಸೂಜಿ ಮೊನೆಯಷ್ಟು ತೂತು ಬಿದ್ದರೆ ನಿಮಗೆ ಕಾಣುವುದೂ ಇಲ್ಲ. ಟೈರಿಗೆ ಬಡಿದು ಕೊಡವುವುದಂತೂ ಇನ್ನೂ ಕೆಟ್ಟದ್ದು, ಮಡಿಕೆ ಮುರಿದು ಅಂಚು ಸೊಟ್ಟಗಾಗುತ್ತದೆ. ಅನಿವಾರ್ಯ ಆದರೆ ಒಂದು ಸಲ, ಒಳಗಿನಿಂದ ಹೊರಕ್ಕೆ, ಕಡಿಮೆ ಹವಾದಲ್ಲಿ ಹೊಡೆಯಿರಿ. ಆಮೇಲೆ ಕತ್ತಲಲ್ಲಿ ಒಳಗೆ ಟಾರ್ಚ್ ಬಿಟ್ಟು ನೋಡಿ. ಚುಕ್ಕೆ ಬೆಳಕು ಕಂಡರೆ ಗುಜರಿಗೆ.

ಯಾವಾಗ ಬದಲಿಸಬೇಕು ಅಂತ ಹೇಳಲು ಗಾಡಿಯಲ್ಲೇ ಸಾಮಾನಿದೆ. ಫಿಲ್ಟರ್ ಡಬ್ಬಿಯ ಹತ್ತಿರ ಹೆಬ್ಬೆರಳು ಗಾತ್ರದ ಪಾರದರ್ಶಕ ಇಂಡಿಕೇಟರ್ ಇರುತ್ತದೆ. ಫಿಲ್ಟರ್ ಕಟ್ಟಿದರೆ ಕೆಂಪು ಪಟ್ಟಿ ಮೇಲೆ ಬಂದು ನಿಲ್ಲುತ್ತದೆ. ದೊಡ್ಡ ಡೀಸೆಲ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 25 ಇಂಚು ನೀರಿನ ಎಳೆತಕ್ಕೆ ಇದು ಕೆಂಪಾಗುತ್ತದೆ. ಉದ್ದ ಸ್ಟ್ರಾ ಹಾಕಿ ನೀರನ್ನು 25 ಇಂಚು ಮೇಲಕ್ಕೆ ಹೀರುವಷ್ಟು ಶ್ರಮ ಅಂತ ತಿಳಿಯಿರಿ. ಹಳೇ ಗಾಡಿಯಲ್ಲಿ ಅದು ಒಡೆದು, ತೂತಿಗೆ ಬೋಲ್ಟೋ ಬಟ್ಟೆಯೋ ತುರುಕಿರುತ್ತಾರೆ. ಹೊಸದು ಹಾಕಿಸಿ, ದೊಡ್ಡ ದುಡ್ಡಲ್ಲ. ಕೆಲವು ಹೊಸ ಗಾಡಿಗಳಲ್ಲಿ ಡ್ಯಾಶ್‌ಬೋರ್ಡಿನಲ್ಲೇ ದೀಪ ಬರುತ್ತದೆ. ಪಿಕಪ್ ಬಿದ್ದು ಕಪ್ಪು ಹೊಗೆ ಬರುವ ತನಕ ಮಾತ್ರ ಕಾಯಬೇಡಿ.

ಡಬ್ಬಿಯ ಕೆಳಗೆ ಒಂದು ರಬ್ಬರ್ ಬಾಯಿ ನೇತಾಡುತ್ತಿರುತ್ತದೆ, ನೋಡಿದ್ದೀರಾ? ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲು ಹಸುವಿನ ಮೊಲೆ ಹಿಂಡುವ ಹಾಗೆ ಒಮ್ಮೆ ಹಿಂಡಿ. ನಿಮ್ಮ ಕಡೆ ಮುಷ್ಟಿಯಷ್ಟು ಕೆಂಪು ಪುಡಿ ಉದುರಿದರೂ ಆಶ್ಚರ್ಯವಿಲ್ಲ. ಅಷ್ಟು ಧೂಳು ಕಾಗದದ ತನಕ ಹೋಗಲಿಲ್ಲ ಅಂತ ಲೆಕ್ಕ. ಆ ರಬ್ಬರ್ ಹರಿದಿದ್ದರೆ ಎಷ್ಟು ದುಬಾರಿ ಫಿಲ್ಟರ್ ಹಾಕಿದರೂ ಬೇಗ ಕಟ್ಟುತ್ತದೆ.

ಬಿಎಸ್ 6 ಗಾಡಿಗೆ ಕಂಪನಿದೇ ಅಂದೆನಲ್ಲ, ಅದಕ್ಕೆ ಕಾರಣವಿದೆ. 2020ರ ಏಪ್ರಿಲ್ ಮೇಲಿನ ಈ ಎಂಜಿನ್‌ಗಳಲ್ಲಿ ಗಾಳಿ ಅಳೆಯುವ ಸೆನ್ಸರು, ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಲ್ಲ ಇರುತ್ತವೆ. ಗಾಳಿ ಕಡಿಮೆಯಾದರೆ ಮಸಿ ಜಾಸ್ತಿ, ಮಸಿ ಜಾಸ್ತಿಯಾದರೆ ಡಿಪಿಎಫ್ ಕಟ್ಟುತ್ತದೆ. ಅದರ ಮುಂದೆ ಫಿಲ್ಟರಿನ ರೇಟು ಏನೂ ಅಲ್ಲ. ತೊಳೆದು ಎಣ್ಣೆ ಹಚ್ಚಿ ಬಳಸುವ ಹತ್ತಿ ಫಿಲ್ಟರ್ ಇದಕ್ಕೆ ಖಂಡಿತ ಬೇಡ. ಎಣ್ಣೆ ಜಾಸ್ತಿಯಾದರೆ ಸೆನ್ಸರಿಗೆ ಅಂಟುತ್ತದೆ. ಅದು ರೇಸ್ ಮಾಡುವ ಹುಡುಗರ ಸಾಮಾನು, ಅದಿರು ರಸ್ತೆಯದ್ದಲ್ಲ.

ವಾರಂಟಿ ಬಗ್ಗೆ ಎರಡು ಮಾತು. 2014ರ ಆಗಸ್ಟಿನಲ್ಲಿ ಸ್ಪರ್ಧಾ ಆಯೋಗ, ಅಂದರೆ ಸಿಸಿಐ, ಬಿಡಿಭಾಗಗಳನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದಕ್ಕೆ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಹೊರಗಿನ ಗ್ಯಾರೇಜಿಗೆ ಹೋದರೆ ವಾರಂಟಿ ರದ್ದು ಅಂತ ಸಾರಾಸಗಟಾಗಿ ಷರತ್ತು ಹಾಕುವಂತಿಲ್ಲ ಅಂತಲೂ ಹೇಳಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು. ಅದು ಕಾರಿನ ಪ್ರಕರಣ, ನಿಮ್ಮದು ಸರಕು ಗಾಡಿ. ನ್ಯಾಯ ನಿಮ್ಮ ಕಡೆ ಇದ್ದರೂ, ಟರ್ಬೊ ಹೋದ ದಿನ ಸರ್ವೀಸ್ ಸೆಂಟರಿನವರು ಮೊದಲು ಬಿಚ್ಚುವುದು ಏರ್ ಫಿಲ್ಟರ್ ಡಬ್ಬಿಯನ್ನೇ. ಒಳಗೆ ಧೂಳು ಕಂಡು, ಫಿಲ್ಟರ್ ಬೇರೆ ಹೆಸರಿನದ್ದಾದರೆ ವಾದ ಶುರು. ಗಾಡಿ ನಿಂತು ಬಾಡಿಗೆ ಹೋಗುವುದು ನಿಮ್ಮದು. ಸುಮ್ನೆ ಯಾಕೆ?

ಹಳೇ ಗಾಡಿಗೆ ಹೀಗೆ ಮಾಡಿ. ಈಗಿರುವ ಫಿಲ್ಟರಿನ ಪಾರ್ಟ್ ನಂಬರ್ ಬರೆದುಕೊಳ್ಳಿ. ಹೆಸರಿರುವ ಫಿಲ್ಟರ್ ಕಂಪನಿಯ ಕ್ಯಾಟಲಾಗಿನಲ್ಲಿ ಅದಕ್ಕೆ ಸರಿಯಾದ ನಂಬರ್ ಸಿಗುತ್ತದೆ. ಏರ್ ಫಿಲ್ಟರ್ ಎಷ್ಟು ಧೂಳು ಹಿಡಿಯುತ್ತದೆ ಅಂತ ನೋಡುವ ಐಎಸ್‌ಒ 5011 ಅನ್ನುವ ಪರೀಕ್ಷೆಯ ಫಲಿತಾಂಶ ಅವರ ಮಾಹಿತಿ ಪತ್ರದಲ್ಲಿ ಇದ್ದರೆ ಇನ್ನೂ ನಂಬಿಕೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ತಂದರೂ ಸರಿ, ಹೊಸಪೇಟೆಯಲ್ಲೇ ತಂದರೂ ಸರಿ, ಜಿಎಸ್‌ಟಿ ಬಿಲ್ ಕೊಡುವ ಅಂಗಡಿಯಲ್ಲಿ ತನ್ನಿ. ಡಬ್ಬಿಯ ಎಂಆರ್‌ಪಿ ಚೀಟಿ, ತಯಾರಾದ ತಿಂಗಳು, ಕ್ಯೂಆರ್ ಕೋಡ್ ನೋಡಿ. ದೊಡ್ಡ ಫಿಲ್ಟರಿನ ಒಳಗೆ ಸಣ್ಣ ಸೇಫ್ಟಿ ಎಲಿಮೆಂಟ್, ಅಂದರೆ ಕಾವಲಿಗೆ ಇಟ್ಟ ಎರಡನೇ ಫಿಲ್ಟರ್, ಇದ್ದರೆ ಅದರಲ್ಲಿ ಮಾತ್ರ ಜಿಪುಣತನ ಬೇಡ. ಅದಕ್ಕೆ ಹವಾ ಹೊಡೆಯುವಂತಿಲ್ಲ. ದೊಡ್ಡದು ಮೂರು ಸಲ ಬದಲಾದಾಗ ಅದನ್ನೂ ಒಮ್ಮೆ ಬದಲಿಸಿ.

ಇನ್ನೊಂದು ನೆನಪಾಯಿತು. ಟೋಯಿಂಗ್ ಬಾಡಿ ಕಟ್ಟುವಾಗ ಟೂಲ್ ಬಾಕ್ಸನ್ನು ಫಿಲ್ಟರ್ ಡಬ್ಬಿಗೆ ಅಡ್ಡ ಇಡುವುದನ್ನು ನೋಡಿದ್ದೇನೆ. ಮುಚ್ಚಳ ಪೂರ್ತಿ ಹೊರಗೆ ಬರುವುದಿಲ್ಲ. ಹುಡುಗ ಹೇಗೋ ಓರೆಯಾಗಿ ತುರುಕಿ ಕ್ಲಿಪ್ ಹಾಕುತ್ತಾನೆ. ನಿಮ್ಮ ಗಾಡಿಯಲ್ಲೂ ಹಾಗಿದ್ದರೆ ಫಿಲ್ಟರ್ ಕೊಳ್ಳುವ ಮೊದಲು ವೆಲ್ಡಿಂಗ್ ಅಂಗಡಿಗೆ ಹೋಗಿ ಬಾಕ್ಸ್ ಸರಿಸಿ.

ಇವತ್ತು ಸಂಜೆ ಎಂಜಿನ್ ತಣ್ಣಗಾದ ಮೇಲೆ ಎರಡೂ ಗಾಡಿಯಲ್ಲಿ ಫಿಲ್ಟರಿನಿಂದ ಟರ್ಬೊಗೆ ಹೋಗುವ ಹೋಸ್ ಬಿಚ್ಚಿ, ಒಳಗೆ ಬಿಳಿ ಬಟ್ಟೆಯಲ್ಲಿ ಒಮ್ಮೆ ಒರೆಸಿ. ಬಟ್ಟೆ ಬಿಳಿಯಾಗಿಯೇ ಬಂದರೆ ಈಗಿರುವ ಫಿಲ್ಟರೇ ಇರಲಿ, ಇಂಡಿಕೇಟರ್ ಕೆಂಪಾಗುವ ತನಕ ಮುಟ್ಟಬೇಡಿ. ಕೆಂಪಾಗಿ ಬಂದರೆ ಕ್ಲಾಂಪು, ಹೋಸಿನ ಬಿರುಕು, ಸೀಲಿನ ಗೆರೆ ಈ ಮೂರರ ಫೋಟೊ ತೆಗೆದು ಪಾರ್ಟ್ ನಂಬರಿನ ಜೊತೆ ಕಳಿಸಿ, ನೋಡಿ ಹೇಳುತ್ತೇನೆ.