ಸೋತ ಮೇಲೂ ಯೋಗೇಶ್ವರ್ ದತ್ ಅವರಿಗೆ ಕಂಚು ಸಿಕ್ಕಿದ್ದು ಹೇಗೆ?

ಓದುಗರ ಪ್ರಶ್ನೆ: 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಕುಸ್ತಿಪಟು ಯೋಗೇಶ್ವರ್ ದತ್ ಪ್ರೀ ಕ್ವಾರ್ಟರ್‌ ಫೈನಲ್‌ನಲ್ಲೇ ಸೋತಿದ್ದರು. ಆದರೂ ಅದೇ ದಿನ ಅವರು ಕಂಚಿನ ಪದಕ ಪಡೆದರು. ಸೋತವರಿಗೆ ಪದಕ ಸಿಗುವುದು ಹೇಗೆ? ಇದು ನ್ಯಾಯವೇ?

ಉತ್ತರ: ನಮ್ಮ ಜಾತ್ರೆಯ ಕುಸ್ತಿಗಳನ್ನೂ ದಸರಾ ಕುಸ್ತಿಯನ್ನೂ ನೋಡಿ ಬೆಳೆದವರಿಗೆ ಈ ಅನುಮಾನ ಬರುವುದು ಸಹಜ. ಅಲ್ಲಿ ಜೋಡಿ ಕಟ್ಟುತ್ತಾರೆ, ಒಬ್ಬ ಗೆಲ್ಲುತ್ತಾನೆ, ಚಿತ್ ಆದವನು ಮಣ್ಣು ಕೊಡವಿಕೊಂಡು ಅಖಾಡದಿಂದ ಹೊರಗೆ ಹೋಗುತ್ತಾನೆ. ಒಲಿಂಪಿಕ್ ಕುಸ್ತಿಯಲ್ಲಿ ಸೋತವನ ಲೆಕ್ಕ ಅಷ್ಟಕ್ಕೇ ಮುಗಿಯುವುದಿಲ್ಲ. ತನ್ನನ್ನು ಸೋಲಿಸಿದ ಎದುರಾಳಿ ಫೈನಲ್ ತಲುಪಿದರೆ ಸೋತವನಿಗೂ ಕಂಚಿನ ದಾರಿ ತೆರೆಯುತ್ತದೆ. ಈ ಹಂತಕ್ಕೆ ರೆಪೆಚೇಜ್ ಸುತ್ತು ಎನ್ನುತ್ತಾರೆ.

ಅದು ನಡೆಯುವ ಬಗೆ ಹೀಗೆ. ಫೈನಲ್‌ಗೆ ಯಾರು ಬಂದರು ಎಂಬುದು ಖಚಿತವಾದ ಕೂಡಲೇ, ಆ ಇಬ್ಬರ ಕೈಯಲ್ಲಿ ಬೇರೆ ಬೇರೆ ಸುತ್ತುಗಳಲ್ಲಿ ಸೋತವರನ್ನು ಎರಡು ಗುಂಪುಗಳಾಗಿ ಹಿಂದಕ್ಕೆ ಕರೆಯುತ್ತಾರೆ. ಮೊದಲು ಸೋತವನು ಅವನ ನಂತರ ಸೋತವನ ಜೊತೆ ಸೆಣಸುತ್ತಾನೆ, ಅಲ್ಲಿ ಗೆದ್ದವನು ಮುಂದಿನವನನ್ನು ಎದುರಿಸುತ್ತಾನೆ. ಸೆಮಿಫೈನಲ್‌ನಲ್ಲಿ ಸೋತವನು ಮಾತ್ರ ನೇರವಾಗಿ ಕಂಚಿನ ಪಂದ್ಯದಲ್ಲಿ ಕಾದಿರುತ್ತಾನೆ. ಎರಡು ಗುಂಪುಗಳಿಂದ ಎರಡು ಕಂಚು ಹೊರಬರುವುದರಿಂದ ಕುಸ್ತಿಯ ಪ್ರತಿ ತೂಕ ವಿಭಾಗದಲ್ಲೂ ನಾಲ್ವರು ಪದಕ ಪಡೆಯುತ್ತಾರೆ. ಹಾಗಾಗಿ ಬೇಗ ಸೋತವನಿಗೆ ಪದಕ ಬಿಟ್ಟಿಯಾಗಿ ಸಿಗುವುದಿಲ್ಲ. ಹಿಂದಕ್ಕೆ ಕರೆಸಿಕೊಂಡ ಉಳಿದವರಿಗಿಂತ ಹೆಚ್ಚು ರೆಪೆಚೇಜ್ ಕುಸ್ತಿಗಳನ್ನು ಅವನೇ ಗೆಲ್ಲಬೇಕಾಗುತ್ತದೆ.

ಯೋಗೇಶ್ವರ್ ಅವರ ವಿಷಯದಲ್ಲಿ ಆದದ್ದೂ ಇದೇ. 2012ರ ಆಗಸ್ಟ್ 11ರಂದು, 60 ಕೆಜಿ ಫ್ರೀಸ್ಟೈಲ್ ವಿಭಾಗದ ಮೊದಲ ಕುಸ್ತಿಯಲ್ಲಿ ಅವರು ಬಲ್ಗೇರಿಯಾದ ಅನತೋಲಿ ಗಿದಿಯಾ ಅವರನ್ನು ಮಣಿಸಿದರು. ಮುಂದಿನ ಎದುರಾಳಿ ರಷ್ಯಾದ ಬೆಸಿಕ್ ಕುಡುಖೋವ್, ಅಷ್ಟರಲ್ಲಾಗಲೇ ನಾಲ್ಕು ಸಲ ವಿಶ್ವ ಚಾಂಪಿಯನ್ ಆಗಿದ್ದವರು. ಕುಡುಖೋವ್ ಎದುರು ಯೋಗೇಶ್ವರ್ ಒಂದು ಅಂಕವನ್ನೂ ಗಳಿಸಲಾಗದೆ ಸೋತರು. ಅಲ್ಲಿಂದ ಮುಂದೆ ಅವರ ಕೈಯಲ್ಲಿ ಏನೂ ಇರಲಿಲ್ಲ. ತಮ್ಮನ್ನು ಸೋಲಿಸಿದವರು ಗೆಲ್ಲುತ್ತಲೇ ಹೋಗಲಿ ಎಂದು ಕಾಯುವುದೊಂದೇ ಉಳಿದಿತ್ತು. ಕುಡುಖೋವ್ ಫೈನಲ್ ತಲುಪಿದರು.

ಆ ಬಳಿಕ ಯೋಗೇಶ್ವರ್ ಪೋರ್ಟೊ ರಿಕೊದ ಫ್ರಾಂಕ್ಲಿನ್ ಗೋಮೆಜ್ ಅವರನ್ನೂ ಇರಾನಿನ ಮಸೂದ್ ಎಸ್ಮಾಯಿಲ್‌ಪೂರ್ ಅವರನ್ನೂ ಸೋಲಿಸಿ, ಬಲಗಣ್ಣು ಊದಿ ಹೆಚ್ಚು ಕಡಿಮೆ ಮುಚ್ಚಿಹೋಗಿದ್ದ ಸ್ಥಿತಿಯಲ್ಲಿ ಕಂಚಿನ ಪಂದ್ಯಕ್ಕೆ ಇಳಿದರು. ಎದುರಿಗಿದ್ದವರು ಉತ್ತರ ಕೊರಿಯಾದ ರಿ ಜೊಂಗ್ ಮ್ಯೊಂಗ್. ಆಗ ಮೂರು ಅವಧಿಗಳಲ್ಲಿ ಎರಡನ್ನು ಗೆದ್ದವನು ವಿಜೇತ ಎಂಬ ನಿಯಮವಿತ್ತು. ಮೊದಲ ಅವಧಿಯನ್ನು 0-1ರಿಂದ ಕಳೆದುಕೊಂಡ ಯೋಗೇಶ್ವರ್ ಎರಡನೆಯದನ್ನು 1-0ರಿಂದ ಪಡೆದರು. ಮೂರನೆಯ ಅವಧಿಯಲ್ಲಿ ಅವರ ಕೈಗೆ ಎದುರಾಳಿಯ ಕಾಲುಗಳು ಸಿಕ್ಕವು. ಕೆಳಗೆ ಬಿದ್ದವನ ಎರಡೂ ಕಣಕಾಲುಗಳನ್ನು ಕತ್ತರಿಯಂತೆ ಒಂದರ ಮೇಲೊಂದು ಸೇರಿಸಿ, ತೋಳಿನಲ್ಲಿ ಬಿಗಿದು, ತಾನೂ ಹೊರಳುತ್ತ ಅವನನ್ನೂ ಹೊರಳಿಸುವ ಈ ಪಟ್ಟಿಗೆ ಉತ್ತರದ ಅಖಾಡಗಳಲ್ಲಿ ಫಿತೆಲೆ ಎನ್ನುತ್ತಾರೆ. ಪ್ರತಿ ಉರುಳಿನಲ್ಲೂ ಬೆನ್ನು ಮ್ಯಾಟ್‌ನ ಕಡೆಗೆ ತಿರುಗುವುದರಿಂದ ಪ್ರತಿ ಉರುಳಿಗೂ ಅಂಕ ಬರುತ್ತದೆ, ಮತ್ತು ಹಿಡಿತ ಒಮ್ಮೆ ಕೂತರೆ ಬಿಡಿಸಿಕೊಳ್ಳಲು ಕೆಳಗಿನವನಿಗೆ ಕಾಲೇ ಇರುವುದಿಲ್ಲ. ರಿ ಒಂದಾದ ಮೇಲೊಂದರಂತೆ ಉರುಳಿದರು, ಅಂಕಪಟ್ಟಿ 6-0 ಎಂದು ತೋರಿಸಿತು, ಆರು ಅಂಕಗಳ ಅಂತರ ಬಂದರೆ ಅವಧಿ ಅಲ್ಲಿಗೇ ಮುಗಿಯುತ್ತಿದ್ದುದರಿಂದ ಕುಸ್ತಿಯೂ ಮುಗಿಯಿತು.

ಇನ್ನು ನ್ಯಾಯದ ಪ್ರಶ್ನೆ. ಲಂಡನ್ನಿನಲ್ಲಿ ಯಾರಿಗೆ ಯಾರು ಎದುರಾಗಬೇಕು ಎಂಬುದು ಚೀಟಿ ಎತ್ತಿ ನಿರ್ಧಾರವಾಗುತ್ತಿತ್ತು. ಬಲಿಷ್ಠರಿಬ್ಬರು ಆರಂಭದಲ್ಲೇ ಎದುರಾದರೆ ಒಬ್ಬರು ಕೇವಲ ಚೀಟಿಯ ದೆಸೆಯಿಂದ ಹೊರಬೀಳುತ್ತಾರೆ. ಆ ಅನ್ಯಾಯವನ್ನು ಒಂದಿಷ್ಟು ಸರಿಪಡಿಸುವುದು ರೆಪೆಚೇಜ್‌ನ ಉದ್ದೇಶ, ಮತ್ತು ಅದು ಸಮಂಜಸವಾದದ್ದೇ. ಆದರೆ ಒಂದು ಅದೃಷ್ಟವನ್ನು ತಿದ್ದಲು ಹೋಗಿ ಈ ಪದ್ಧತಿ ಇನ್ನೊಂದು ಅದೃಷ್ಟವನ್ನು ಒಳಗೆ ತಂದಿದೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಅದಕ್ಕೆ ಯೋಗೇಶ್ವರ್ ಅವರ ವೃತ್ತಿಜೀವನಕ್ಕಿಂತ ಒಳ್ಳೆಯ ಉದಾಹರಣೆ ಹುಡುಕುವುದು ಕಷ್ಟ. 2008ರಲ್ಲಿ ಬೀಜಿಂಗ್‌ನ ಕ್ವಾರ್ಟರ್‌ ಫೈನಲ್‌ನಲ್ಲಿ ಅವರನ್ನು ಸೋಲಿಸಿದ ಜಪಾನಿನ ಕೆನಿಚಿ ಯುಮೊಟೊ ಫೈನಲ್ ತಲುಪಲಿಲ್ಲ, ಹಾಗಾಗಿ ಯೋಗೇಶ್ವರ್ ಕ್ವಾರ್ಟರ್‌ ಫೈನಲ್‌ವರೆಗೆ ಬಂದಿದ್ದರೂ ಮನೆಗೆ ಮರಳಬೇಕಾಯಿತು. ಅದೇ ಕೂಟದಲ್ಲಿ ತಮ್ಮ ಮೊದಲ ಕುಸ್ತಿಯನ್ನೇ ಉಕ್ರೇನಿನ ಆಂಡ್ರಿ ಸ್ಟಾಡ್ನಿಕ್ ಅವರಿಗೆ ಸೋತಿದ್ದ ಸುಶೀಲ್ ಕುಮಾರ್, ಸ್ಟಾಡ್ನಿಕ್ ಫೈನಲ್‌ಗೆ ಹೋದ ಕಾರಣ ಕಂಚು ಗೆದ್ದರು. 2016ರ ರಿಯೋದಲ್ಲಿ 65 ಕೆಜಿ ವಿಭಾಗದ ಯೋಗೇಶ್ವರ್ ಅವರನ್ನು 3-0ರಿಂದ ಮಣಿಸಿದ ಮಂಗೋಲಿಯಾದ ಮಂದಖ್‌ನಾರನ್ ಗಂಜೋರಿಗ್ ಕೂಡ ಫೈನಲ್‌ಗೆ ಮುನ್ನವೇ ಸೋತರು. ಕಂಚಿನ ಪಂದ್ಯದ ತೀರ್ಪಿನ ವಿರುದ್ಧ ಮಂಗೋಲಿಯಾದ ಕೋಚ್‌ಗಳು ಮ್ಯಾಟ್ ಮೇಲೇ ಬಟ್ಟೆ ಕಳಚಿದ ಪ್ರಸಂಗವನ್ನು ಹಲವರು ಮರೆತಿರಲಾರರು. ಅದು ಇದೇ ಗಂಜೋರಿಗ್ ಅವರ ಪಂದ್ಯ.

ಆದರೆ ಯೋಗೇಶ್ವರ್ ಅವರನ್ನು ಈ ಒಂದು ಸುತ್ತಿನಿಂದಷ್ಟೇ ಅಳೆಯುವುದು ತಪ್ಪಾಗುತ್ತದೆ. 2010 ಮತ್ತು 2014ರ ಕಾಮನ್‌ವೆಲ್ತ್ ಕ್ರೀಡಾಕೂಟಗಳಲ್ಲಿ ಅವರು ಚಿನ್ನ ಗೆದ್ದರು. 2014ರ ಇಂಚೆಯಾನ್ ಏಷ್ಯನ್ ಕ್ರೀಡಾಕೂಟದ ಚಿನ್ನವಂತೂ, 1986ರಲ್ಲಿ ಕರ್ತಾರ್ ಸಿಂಗ್ ಗೆದ್ದ ಮೇಲೆ 28 ವರ್ಷಗಳ ಕಾಲ ಭಾರತದ ಕುಸ್ತಿಗೆ ದಕ್ಕದೇ ಉಳಿದಿದ್ದದ್ದು. ನನ್ನ ಮಟ್ಟಿಗೆ ಅವರ ಅತ್ಯುತ್ತಮ ಸಾಧನೆ ಅದೇ.

ಲಂಡನ್ನಿನ ಕಂಚು ಆಮೇಲೆ ಬೆಳ್ಳಿಯಾಯಿತಲ್ಲವೇ ಎಂದೂ ಕೆಲವರು ಕೇಳುತ್ತಾರೆ. ಆಗಲಿಲ್ಲ. ಫೈನಲ್ ಸೋತು ಬೆಳ್ಳಿ ಪಡೆದಿದ್ದ ಕುಡುಖೋವ್ 2013ರ ಡಿಸೆಂಬರ್‌ನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. 2016ರಲ್ಲಿ ಉದ್ದೀಪನ ಮದ್ದಿನ ಪತ್ತೆಗಾಗಿ ನಡೆದ ಹಳೆಯ ಮಾದರಿಗಳ ಮರುಪರೀಕ್ಷೆಯಲ್ಲಿ ಅವರ ಹೆಸರು ಕೇಳಿಬಂದಾಗ ಬೆಳ್ಳಿ ಯೋಗೇಶ್ವರ್ ಅವರಿಗೆ ಬರುತ್ತದೆಂಬ ಸುದ್ದಿ ದೇಶದೆಲ್ಲೆಡೆ ಹರಡಿತು. ಪದಕ ಆ ಕುಟುಂಬದ ಬಳಿಯೇ ಇರಲಿ, ತಮಗೆ ಬೇಡ ಎಂದು ಯೋಗೇಶ್ವರ್ ಬಹಿರಂಗವಾಗಿಯೇ ಹೇಳಿದರು. ಮೃತರ ವಿರುದ್ಧ ವಿಚಾರಣೆ ನಡೆಸಲಾಗದ ಕಾರಣ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಆ ಪ್ರಕರಣವನ್ನು ಕೈಬಿಟ್ಟಿತು. ದಾಖಲೆಯಲ್ಲಿ ಬೆಳ್ಳಿ ಕುಡುಖೋವ್ ಹೆಸರಿನಲ್ಲಿಯೂ ಕಂಚು ಯೋಗೇಶ್ವರ್ ಹೆಸರಿನಲ್ಲಿಯೂ ಉಳಿದಿವೆ.