ಎಣ್ಣೆ ಎಲ್ಲಿಗೆ ಬಂದು ನಿಂತಿತು?

ಪಂಪ್ ಸ್ಟವ್ ಕಂಡ ಮನೆಯವರಿಗೆ ಪಿನ್ನಿನ ಕಥೆ ಗೊತ್ತು. ಉರಿ ಸಣ್ಣಗಾದರೆ ನಿಪ್ಪಲ್‌ಗೆ ಪಿನ್ನು ಚುಚ್ಚಬೇಕು, ಕಿಟ್ಟ ಹೋಗಬೇಕು. ನಾನೀಗ ಇಂಗ್ಲೆಂಡಿನ ಹಳ್ಳಿಮನೆಗಳಲ್ಲಿ ಮಾಡುವ ರಿಪೇರಿಯೂ ಹೆಚ್ಚುಕಡಿಮೆ ಅದೇ. ಒಲೆ ಮಾತ್ರ ದೊಡ್ಡದು.

ನಾನು ರಿಪೇರಿ ಮಾಡುವ ರೇಂಜ್ ಕುಕರ್ ಅಂದರೆ ಬೀಡುಕಬ್ಬಿಣದ, ಹಗಲೂ ರಾತ್ರಿ ಆರದ ಒಲೆ. ಇವುಗಳಲ್ಲಿ ಹೆಸರಾದ ಆಗಾವನ್ನು 1922ರಲ್ಲಿ ರೂಪಿಸಿದವರು ಸ್ವೀಡನ್ನಿನ ಗುಸ್ತಾಫ್ ದಾಲೆನ್. ನೊಬೆಲ್ ಪಡೆದವರು, ಸ್ಫೋಟವೊಂದರಲ್ಲಿ ಕಣ್ಣು ಕಳೆದುಕೊಂಡವರು. ಆಗಿನ ಒಲೆಗಳು ಕಲ್ಲಿದ್ದಲಿನವು. ಎಷ್ಟೋ ಮನೆಗಳಲ್ಲಿ ಅದೇ ಹೊಟ್ಟೆಗೆ ಆಮೇಲೆ ಸೀಮೆಎಣ್ಣೆ ಬರ್ನರ್ ಕೂರಿಸಿದರು.

ಈ ಹಳೆಯ ಬರ್ನರ್‌ಗೆ ಪಂಪೂ ಇಲ್ಲ, ಕರೆಂಟೂ ಬೇಡ. ಹೊರಗಿನ ಟ್ಯಾಂಕಿನಿಂದ ಎಣ್ಣೆ ತಾನಾಗಿಯೇ ಇಳಿದು ಬರುತ್ತದೆ. ಮೊದಲು ಫಿಲ್ಟರ್. ಆಮೇಲೆ, ಬೆಂಕಿ ಬಿದ್ದರೆ ಎಣ್ಣೆ ನಿಲ್ಲಿಸುವ ಫೈರ್ ವಾಲ್ವ್. ಅಲ್ಲಿಂದ, ಎಷ್ಟು ಎಣ್ಣೆ ಇಳಿಯಬೇಕೆಂದು ಹಿಡಿತದಲ್ಲಿಡುವ ಕಂಟ್ರೋಲ್ ವಾಲ್ವ್. ಇದರೊಳಗೆ ಫ್ಲಶ್ ಟ್ಯಾಂಕಿನಲ್ಲಿರುವಂಥ ಒಂದು ತೇಲುಗುಂಡು ಇದೆ. ಕೊನೆಗೆ ತೆಳುವಾದ ಪೈಪು, ಬರ್ನರ್ ತಳದ ಕಾಲುವೆ, ಅದರಲ್ಲೊಂದು ಬತ್ತಿ. ಎಣ್ಣೆ ಅಲ್ಲಿ ಕಾದು ಆವಿಯಾಗಿ, ತೂತುಗಳಿರುವ ಕೊಳವೆಗಳ ನಡುವೆ ನೀಲಿಯಾಗಿ ಉರಿಯುತ್ತದೆ.

ಕಳೆದ ಚಳಿಗಾಲದಲ್ಲಿ ಒಬ್ಬ ಅಜ್ಜಿಯ ಮನೆಗೆ ಹೋಗಿದ್ದೆ. ಉರಿ ದಿನದಿನಕ್ಕೆ ಕುಗ್ಗಿ ಆರಿಹೋಗಿತ್ತು. ಮೊದಲು ಬಂದಿದ್ದ ರಿಪೇರಿಯವನು ಎಣ್ಣೆ ಜಾಸ್ತಿ ಬರಲಿ ಅಂತ ಕಂಟ್ರೋಲ್ ವಾಲ್ವ್‌ನ ಸ್ಕ್ರೂ ತಿರುಗಿಸಿದ್ದ. ಎರಡು ದಿನ ಉರಿಯಿತು, ಮತ್ತೆ ಆರಿತು. ನನಗೆ ಸಿಟ್ಟು ಬರುವುದು ಇಲ್ಲೇ. ಆ ಸ್ಕ್ರೂ ಇರುವುದು ಕಟ್ಟಿದ ದಾರಿ ತೆರೆಯುವುದಕ್ಕಲ್ಲ.

ಎಣ್ಣೆ ಎಲ್ಲಿಯವರೆಗೆ ಬಂದಿದೆ ಅಂತ ನೋಡುವುದೇ ಅರ್ಧ ಕೆಲಸ. ಟ್ಯಾಂಕಿನಲ್ಲಿ ಎಣ್ಣೆ ಇದೆಯಾ? ನಗಬೇಡಿ, ಖಾಲಿ ಟ್ಯಾಂಕಿಗಾಗಿ ನಲವತ್ತು ಮೈಲಿ ಹೋಗಿ ಬಂದಿದ್ದೇನೆ. ಆಮೇಲೆ ಫಿಲ್ಟರಿನ ಬಟ್ಟಲು. ಟ್ಯಾಂಕಿನೊಳಗೆ ಹನಿಗಟ್ಟಿದ ನೀರು ಬಂದು ಇಲ್ಲಿ ಕೂರುತ್ತದೆ, ಕೊರೆಯುವ ಚಳಿಗೆ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಅಜ್ಜಿಯ ಮನೆಯಲ್ಲಿ ಇವೆಲ್ಲ ಸರಿ ಇದ್ದವು. ಬರ್ನರ್ ಹತ್ತಿರ ಪೈಪು ಬಿಚ್ಚಿ ಕೆಳಗೆ ಜಾಡಿ ಹಿಡಿದೆ. ಎಣ್ಣೆ ಚೆನ್ನಾಗಿಯೇ ಸುರಿಯಿತು. ಅಂದರೆ ಕಟ್ಟಿಕೊಂಡಿರುವುದು ಕೊನೆಯ ಗೇಣುದ್ದದಲ್ಲಿ.

ಹಳೆಯ ಒಲೆಗಳಲ್ಲಿ ಬಹಳ ಸಲ ಅಲ್ಲೇ. ಪೈಪಿನ ತುದಿ ಬರ್ನರ್ ಬಿಸಿಗೆ ಸದಾ ಕಾಯುತ್ತದೆ. ಒಳಗಿನ ಎಣ್ಣೆ ಸ್ವಲ್ಪ ಸ್ವಲ್ಪವೇ ಸೀದು, ಕಲ್ಲಿನಂಥ ಕರಿ ಕಟ್ಟುತ್ತದೆ. ಯಾವ ದ್ರಾವಣಕ್ಕೂ ಅದು ಸುಲಭಕ್ಕೆ ಕರಗದು. ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸುತ್ತಾ ಕೊರೆಯಬೇಕು, ಪುಡಿಯನ್ನು ಹೊರಗೆಳೆಯಬೇಕು. ಒಳಕ್ಕೆ ತಳ್ಳಿದರೆ ಮುಂದೆಲ್ಲೋ ಸಿಕ್ಕಿಕೊಳ್ಳುತ್ತದೆ. ಕಾಲುವೆಯ ಕರಿಯನ್ನೂ ಕೆರೆದು ತೆಗೆದು ಹೊಸ ಬತ್ತಿ ಹಾಕಿದೆ. ತೀರಾ ಹಳೆಯ ಒಲೆಯ ಹಗ್ಗದಂಥ ಸೀಲುಗಳಲ್ಲಿ, ಪುಡಿ ಉಸಿರಿಗೆ ಸೇರಿದರೆ ಅಪಾಯವಾಗುವ ಆಸ್ಬೆಸ್ಟಾಸ್ ಇರಬಹುದು, ಅದನ್ನು ಮಾತ್ರ ಕೆರೆಯಬೇಡಿ.

ದಾರಿ ತೆರೆದ ಮೇಲೆ ಆ ಸ್ಕ್ರೂ ಕಾಟ ಕೊಟ್ಟಿತು. ಎಣ್ಣೆ ವಿಪರೀತ ಬರತೊಡಗಿತು. ಹಾಗೇ ಹಚ್ಚಿದ್ದರೆ ಅಡುಗೆಮನೆಯೆಲ್ಲ ಮಸಿ. ನಿಮಿಷಕ್ಕೆ ಎಷ್ಟು ಎಣ್ಣೆ ಇಳಿಯುತ್ತದೆ ಅಂತ ಅಳತೆಯ ಜಾಡಿಯಲ್ಲಿ ಹಿಡಿದು, ತಯಾರಕರು ಕೊಟ್ಟ ಲೆಕ್ಕಕ್ಕೆ ತರುವಷ್ಟರಲ್ಲಿ ಒಂದು ಗಂಟೆ ಹೋಯಿತು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಆರಿದ ಬರ್ನರ್ ಬಿಸಿ ಇರುವಾಗ ಮತ್ತೆ ಹಚ್ಚಬೇಡಿ. ಬಿಸಿ ತಳಕ್ಕೆ ಬಿದ್ದ ಎಣ್ಣೆ ತಟ್ಟನೆ ಆವಿಯಾಗಿ ತುಂಬಿಕೊಂಡಿರುತ್ತದೆ, ಕಡ್ಡಿ ಗೀರಿದರೆ ಭುಗ್ಗೆನ್ನುತ್ತದೆ. ಪೂರ್ತಿ ತಣಿಯಲಿ, ನಿಂತ ಎಣ್ಣೆಯನ್ನು ಒರೆಸಿ ತೆಗೆಯಿರಿ.

ಅಜ್ಜಿಯ ಒಲೆಯ ಬತ್ತಿ ನೆನೆಯುವವರೆಗೆ ಕಾದು ಹಚ್ಚಿದೆ. ನೀಲಿ ಉರಿ ನಿಂತಿತು. ಅಷ್ಟು ಕಬ್ಬಿಣ ಕಾಯಲು ರಾತ್ರಿಯಿಡೀ ಬೇಕು. ಅವತ್ತಿನ ಸೂಪನ್ನು ಅಜ್ಜಿ ಮೈಕ್ರೋವೇವ್‌ನಲ್ಲೇ ಬಿಸಿ ಮಾಡಿಕೊಂಡರು.